ಆರೋಗ್ಯವಂತರ ಗುಂಪಿನಲ್ಲೊಬ್ಬ

ಎಲ್ಲಕ್ಕಿಂತ ಮೊದಲು ಒಂದು ಗಂಭೀರ ವಿಷಯವನ್ನು ಓದುಗರ ಗಮನಕ್ಕೆ ತರಬೇಕಾಗಿದೆ. 2003ರ ಏಪ್ರಿಲ್ ತಿಂಗಳಲ್ಲಿ ಬೈಲಹೊಂಗಲವನ್ನು ಎರಡು ಪಕ್ಷಗಳಾಗಿ ಒಡೆದ ಪ್ರಶ್ನೆ ಅದು. ಚುನಾವಣೆಯದಲ್ಲ, ಕುಡಿಯುವ ನೀರಿನದೂ ಅಲ್ಲ. ಮನುಷ್ಯರು ಬಾಯಿಗೆ ಹಾಕಿಕೊಳ್ಳುವ ಬರ್ಫವನ್ನು ಮನುಷ್ಯರದೇ ಮೂತ್ರದ ಡಬ್ಬಿಗಳ ನಡುವೆ ಇಡಬಹುದೋ, ಇಡಬಾರದೋ?

ಒಂದು ಪಕ್ಷದಲ್ಲಿ ಐಸ್ ಕಾರ್ಖಾನೆಯ ಅಂದಾನೆಪ್ಪ ಇದ್ದ. ಇನ್ನೊಂದರಲ್ಲಿ ಅನ್ನಪೂರ್ಣಾ. ಉಳಿದ ಊರು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನಿಂತು, ಐಸ್‌ಕ್ಯಾಂಡಿ ಚೀಪುತ್ತ ನೋಡುತ್ತಿತ್ತು.

"ಕೊಡೂದಿಲ್ಲ ಅಂದ್ರ ಕೊಡೂದಿಲ್ರಿ!" ಅಂದ ಅಂದಾನೆಪ್ಪ.

"ಯಾಕ ಕೊಡೂದಿಲ್ಲ? ರೊಕ್ಕಾ ಕೊಡತೇನಿ. ಪುಕ್ಕಟ ಕೇಳಾಕತ್ತಿಲ್ಲ!"

"ರೊಕ್ಕದ ಮಾತಲ್ರಿ ಬಾಯಾರ. ಆ ಪೆಟ್ಟಿಗ್ಯಾಗ ಏನೈತಿ ಅಂತ ನಾ ಕೇಳಿದ್ನಿ, ನೀವು ಹೇಳಿದ್ರಿ. ಸುಳ್ಳು ಹೇಳಿದ್ರ ಕೊಟ್ಟ ಬಿಡತಿದ್ನಿ."

"ಖರೇ ಹೇಳಿದ್ದ ತಪ್ಪಾತೇನ್ರಿ?"

"ಇಷ್ಟ ಮಂದಿ ಮುಂದ ಹೇಳಿದ್ದು ತಪ್ಪಾತು!"

ಅನ್ನಪೂರ್ಣಾಳ ತೋಳಿನಲ್ಲಿ ಥರ್ಮೋಕೋಲ್ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಬಿಳಿ ಮುಚ್ಚಳದ ಡಬ್ಬಿಗಳು. ಬೆಳಗಿನಿಂದ ಒಬ್ಬೊಬ್ಬ ರೋಗಿಯ ಕೈಕಾಲು ಹಿಡಿದು ಪ್ರಯೋಗಾಲಯಕ್ಕೆಂದು ಸಂಗ್ರಹಿಸಿದ ಮೂತ್ರ. ಬೆಳಗಾವಿ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಆ ಬಿಸಿಲಿನಲ್ಲಿ ಬರ್ಫವಿಲ್ಲದೆ ಬೆಳಗಾವಿ ಮುಟ್ಟಿದರೆ ಡಬ್ಬಿಗಳನ್ನೆಲ್ಲ ಮೋರಿಗೆ ಸುರಿಯಬೇಕು.

'ದೇವರೇ... ಈ ಮನುಷ್ಯನಿಗೆ ಯಾವ ಭಾಷೆಯಲ್ಲಿ ಹೇಳಲಿ?'

ಅಷ್ಟರಲ್ಲಿ ಅವಳ ಕಣ್ಣು ಅಂಗಡಿಯ ಪಕ್ಕ ನಿಂತಿದ್ದ ಟೆಂಪೋ ಮೇಲೆ ಬಿತ್ತು. ಅದಕ್ಕೆ ದೊಡ್ಡ ದೊಡ್ಡ ಬರ್ಫದ ಗಡ್ಡೆಗಳನ್ನು ಏರಿಸುತ್ತಿದ್ದವನು ಟೆಂಪೋದ ಮಾಲೀಕ ಇಸ್ಮಾಯಿಲಸಾಬ.

"ಕಾಕಾ, ಈ ಬರ್ಫ ಎಲ್ಲಿಗಿ ಹೊಂಟೈತ್ರಿ?"

"ನವಿಲುತೀರ್ಥಕ್ಕ ಯವ್ವಾ. ಡ್ಯಾಮಿನ ಮೀನಿಗಿ."

ಅನ್ನಪೂರ್ಣಾ ಅಂದಾನೆಪ್ಪನತ್ತ ತಿರುಗಿದಳು. "ಮೀನಿಗೆ ಕೊಡತೀರಿ! ಕೊರಳಾಗ ಲಿಂಗಾ ಕಟಗೊಂಡು ಮೀನಿಗೆ ಬರ್ಫ ಕೊಡತೀರಿ, ರೋಗಿಗೋಳ ಉಚ್ಚಿಗೆ ಕೊಡೂದಿಲ್ಲ!"

ರಸ್ತೆ ಗೊಳ್ಳೆಂದಿತು. ಯಾರದೋ ಕ್ಯಾಂಡಿ ಕಡ್ಡಿಯಿಂದ ಕಳಚಿ ನೆಲಕ್ಕೆ ಬಿತ್ತು.

"ಮಾಲಕರ," ಅಂದ ಇಸ್ಮಾಯಿಲಸಾಬ ಅಂದಾನೆಪ್ಪನಿಗೆ, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ಇದಕ್ಕ ನನ್ನ ಕಡೇನೂ ಉತ್ತರ ಇಲ್ಲ ನೋಡ್ರಿ."

ಅಂದಾನೆಪ್ಪನ ಕಿವಿ ಕೆಂಪಾದವು. ಅವನು ಒಳಗೆ ಹೋಗಿ ಒಂದು ಗಡ್ಡೆ ಎತ್ತಿ ತಂದ, ಗೋಣಿಚೀಲದಲ್ಲಿ ಸುತ್ತಿ ಕೊಡತಿಯಿಂದ ಕುಟ್ಟಿದ. ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಕುಟ್ಟಿದ. ಡಬ್ಬಿಗಳ ಸುತ್ತ ಚೂರುಗಳನ್ನು ತುಂಬಿದ, ಯಾವ ಡಬ್ಬಿಗೂ ಕೈ ತಾಕದ ಹಾಗೆ.

ಅವಳು ಹಣ ಚಾಚಿದಳು.

"ಬ್ಯಾಡ್ರಿ. ರೊಕ್ಕಾ ತಗೊಂಡ್ರ ಯಾಪಾರ ಆಗತೈತಿ. ಇದು ಯಾಪಾರ ಅಲ್ಲ... ನಾ ಸೋತದ್ದು."

ಬಸ್ಸಿನಲ್ಲಿ ಕುಳಿತ ಮೇಲೂ ಅನ್ನಪೂರ್ಣಾಳ ಕೋಪ ಇಳಿಯಲಿಲ್ಲ. ಊರು ದಾಟಿ ಕಬ್ಬಿನ ಹೊಲಗಳು ಶುರುವಾದಾಗ ಮಾತ್ರ ತಾನು ನಗುತ್ತಿದ್ದೇನೆಂಬುದು ಅವಳಿಗೇ ಗೊತ್ತಾಯಿತು!

* * *

ಪ್ರೇಮಕಥೆಯ ನಾಯಕನಿಗೆ ಅಂದಾನೆಪ್ಪ ಎಂಬ ಹೆಸರು ಒಪ್ಪುವುದಿಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಅವನಿಗೂ ಹಾಗೇ ಅನ್ನಿಸುತ್ತಿತ್ತು. ಅಜ್ಜನ ಹೆಸರು, ಏನೂ ಮಾಡುವಂತಿರಲಿಲ್ಲ. ಮೂವತ್ತರ ಆಸುಪಾಸಿನ ಗಂಡಸು, ಗಟ್ಟಿ ತೋಳು, ತಂದೆ ಬಿಟ್ಟುಹೋದ ಐಸ್ ಕಾರ್ಖಾನೆ, ಜೊತೆಗೆ ತಾಯಿ ಗುರವ್ವ. ಪಿಯುಸಿ ನಪಾಸು. ಅದನ್ನು ಅವನೆಂದೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡಲು ಊರು ಬಿಟ್ಟಿರಲೂ ಇಲ್ಲ.

ಅನ್ನಪೂರ್ಣಾ ಕಿತ್ತೂರಿನವಳು. ಅವಳ ತಂದೆ ಮಡಿವಾಳೆಪ್ಪ, ಹತ್ತಿರದ ಎಂ.ಕೆ. ಹುಬ್ಬಳ್ಳಿ ಎಂಬ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ಕಿಡ್ನಿ ಕೆಟ್ಟಿದೆ ಎಂದು ಗೊತ್ತಾಗುವಷ್ಟರಲ್ಲಿ ಕೆಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಡಯಾಲಿಸಿಸ್, ಬೆಳಗಾವಿ ಬಸ್ಸು, ಮತ್ತೆ ಡಯಾಲಿಸಿಸ್... ಕೊನೆಗೆ ಎಲ್ಲವೂ ನಿಂತವು. ತಂದೆ ಹೋದ ಮೇಲೆ ಮಗಳು ಬೆಳಗಾವಿಯಲ್ಲಿ ಬಯೋಕೆಮಿಸ್ಟ್ರಿ ಓದಿ ಸಂಶೋಧನೆಗೆ ಇಳಿದಳು. ಅವಳ ಪ್ರಶ್ನೆ ಒಂದೇ: ದೇಹ ಬಾಯಿ ಬಿಟ್ಟು ಹೇಳುವುದಕ್ಕೆ ಮೊದಲೇ ಮೂತ್ರ ಏನಾದರೂ ಹೇಳುತ್ತದೆಯೇ?

ಮಂಗಳವಾರ ಬೈಲಹೊಂಗಲದ ಒಂದು ಖಾಸಗಿ ಆಸ್ಪತ್ರೆಗೆ ಕಿಡ್ನಿ ಡಾಕ್ಟರು ಬರುತ್ತಿದ್ದರು. ಅಲ್ಲಿನ ಹಿಂದಿನ ಕೋಣೆಯೇ ಅವಳ ಕಚೇರಿ.

ಮುಂದಿನ ಮಂಗಳವಾರ ಆ ಕೋಣೆಯ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಅಂದಾನೆಪ್ಪ! ತಲೆ ಮೇಲೆ ಗೋಣಿಯಲ್ಲಿ ಸುತ್ತಿದ ಬರ್ಫ.

"ಬೇರೇ ನೀರಿಂದ ಬೇರೇ ಮಾಡೇನಿ. ನೀವು ಅಂಗಡಿಗೆ ಬರಬ್ಯಾಡ್ರಿ, ನಾನ ತಂದಕೊಡತೇನಿ. ನಿಮ್ಮ ಬಾಯಿ ನಮ್ಮ ಯಾಪಾರಕ್ಕ ಛಲೋ ಅಲ್ಲ."

"ನನ್ನ ಬಾಯಿ ಏನ ಮಾಡೇತ್ರಿ?"

"ಏನೂ ಇಲ್ರಿ. ಊರ ಮಂದಿ ಈಗ ನನ್ನ ಮೀನಿನ ಲಿಂಗಾಯತ ಅಂತಾರ. ಅಷ್ಟ."

ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ.

ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ. "ಈ ಉಚ್ಚ್ಯಾಗ... ಅಲ್ಲ, ಮೂತ್ರದಾಗ ಏನ ನೋಡತೀರಿ ನೀವು?"

ಮನೆಯ ಹೊರಗೆ ಇಂಥ ಪ್ರಶ್ನೆಯನ್ನು ಅವಳಿಗೆ ಇನ್ನಾರೂ ಕೇಳಿರಲಿಲ್ಲ. ಅವಳು ಪೆನ್ನು ಕೆಳಗಿಟ್ಟಳು.

"ಕಬ್ಬಿಣಕ್ಕ ತುಕ್ಕ ಹಿಡಿತೈತಿ ಹೌದಲ್ರಿ? ಮೈಯಾಗೂ ಹಂಗ ಒಂದ ನಮೂನಿ ತುಕ್ಕ ಹಿಡಿತೈತಿ. ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರ. ಕಿಡ್ನಿ ಕೆಡಾಕತ್ತಿದ್ರ ಅದು ಹೆಚ್ಚಾಗತೈತಿ, ಅದರ ಪುಡಿ ಮೂತ್ರದಾಗ ಇಳಿತೈತಿ. ಅದಕ್ಕೊಂದ ಔಷಧ ಕೂಡಿಸಿ ಕುದಿಸಿದ್ರ ಗುಲಾಬಿ ಬಣ್ಣ ಬರತೈತಿ. ಬಣ್ಣ ಎಷ್ಟ ಗಾಢ ಇರತೈತೋ ರೋಗ ಅಷ್ಟ ಮುಂದ ಹೋಗೇತಿ ಅಂತ ನನ್ನ ಅಂದಾಜ."

"ಅಂದಾಜ?"

"ಅದು ಖರೇ ಅಂತ ತೋರಸಾಕ ಇಷ್ಟೆಲ್ಲಾ ಒದ್ದಾಟ."

ಅವನು ಯೋಚಿಸಿದ. "ನಮ್ಮ ಗುಲಾಬಿ ಕ್ಯಾಂಡಿ ಬಣ್ಣದಂಗೇನ್ರಿ?"

"ಹೂಂ. ಅಗದೀ ಹಂಗ."

"ಕೈ ಮುಗಿತೇನಿ ಬಾಯಾರ... ಇದನ್ನ ಮಾತ್ರ ಯಾರ ಮುಂದೂ ಹೇಳಬ್ಯಾಡ್ರಿ!"

ಮಂಗಳವಾರಗಳು ಬಂದವು, ಹೋದವು. ಬರ್ಫ ತರುವ ಕೆಲಸ ಮೊದಮೊದಲು ಗಳಿಗೆಯದಾಗಿತ್ತು. ಮೇ ತಿಂಗಳಿಗೆ ಅದು ಗಂಟೆಗಟ್ಟಲೆ ಹಿಡಿಯತೊಡಗಿತು. ಬೇಸಿಗೆಯಲ್ಲಿ ಬರ್ಫ ಬೇಗ ಕರಗುತ್ತದೆಂದು ಕೇಳಿದ್ದೇವೆ. ಅಂದಾನೆಪ್ಪನದು ಕೆಳಗಿಳಿಸಲೇ ಅಷ್ಟು ಹೊತ್ತು ಬೇಕಾಗುತ್ತಿತ್ತು.

ಒಂದು ದಿನ ಅವಳು ಬೇಸರದಿಂದ ಅಂದಳು: "ರೋಗಿಗೋಳು ಸಿಗತಾರ್ರಿ. ಆರೋಗ್ಯವಂತರ ಗುಂಪಿಗೆ ಮಂದಿ ಸಿಗವಲ್ಲರು. ಇಬ್ಬರನೂ ತಾಳೆ ನೋಡಬೇಕಲ್ಲ? ಯಾರನ್ನ ಕೇಳಿದ್ರೂ ಒಂದಿಲ್ಲೊಂದು ರೋಗಾ ಹೇಳತಾರ."

"ನಾ ಇದ್ದೇನಲ್ರಿ! ನನಗ ಜ್ವರಾ ಬಂದದ್ದ ನನಗ ನೆಪ್ಪಿಲ್ಲ."

ಅವಳು ಅವನಿಗೆ ಒಂದು ಬಿಳಿ ಡಬ್ಬಿ ಕೊಟ್ಟಳು. "ನಸುಕಿನ್ಯಾಗ ಎದ್ದಕೂಡ್ಲೆ ಮೊದಲನೇದ್ದು ಹಿಡೀರಿ. ಬರ್ಫಿನ್ಯಾಗ ಇಟ್ಟ ತರ್ರಿ. ಆಮ್ಯಾಲ ಒಂದಷ್ಟ ರಕ್ತಾ..."

ಸೂಜಿ ನೋಡಿದ್ದೇ ತಡ, ಅವನ ಮುಖದ ಬಣ್ಣ ಬದಲಾಯಿತು.

"ರಕ್ತಾ ಮುಂದಿನ ವಾರ ಕೊಟ್ರ ನಡಿತೈತೇನ್ರಿ?"

"ಅಯ್ಯ! ಅಂಥಾ ಬರ್ಫದ ಗಡ್ಡಿ ಹೊರೂ ಗಂಡಸು!"

"ಬರ್ಫ ಚುಚ್ಚೂದಿಲ್ರಿ."

ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. 'ತಂದೆ ಹೋದ ಮೇಲೆ ಹೀಗೆ ನಕ್ಕಿದ್ದು ಯಾವಾಗ?' ಎಂದು ಆಮೇಲೆ ಯೋಚಿಸಿದಳು. ನೆನಪಾಗಲಿಲ್ಲ...

* * *

ಮನೆಯಲ್ಲಿ ಗುರವ್ವ ಡಬ್ಬಿಯನ್ನು ನೋಡಿದಳು.

"ಏನೋ ಇದು?"

"ಡಾಕ್ಟರ ಬಾಯಾರಿಗೆ ನನ್ನ ಮೂತ್ರಾ ಬೇಕಂತವ್ವಾ. ಅಭ್ಯಾಸಕ್ಕ."

"ಊರಾಗ ಮತ್ಯಾರದೂ ಸಿಗಲಿಲ್ಲಾ ಆಕಿಗೆ?"

"ಆರೋಗ್ಯವಂತರದು ಬೇಕಂತ."

ಗುರವ್ವ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಹೊಸ ಅಂಗಿ. ಎಣ್ಣೆ ಹಚ್ಚಿ ಬಾಚಿದ ತಲೆ. ಬರ್ಫ ಹೊರುವವನಿಗೆ ಇಸ್ತ್ರಿ ಯಾಕೆ?

"ಅಂದಾನಿ, ಕೂದಲಾ, ಉಗರಾ, ಉಚ್ಚಿ, ಇವನ್ನ ಪರರ ಕೈಯಾಗ ಕೊಡಬಾರದು. ಮಾಟಾ ಮಾಡಾವರಿಗೆ ಇಷ್ಟ ಸಾಕು."

"ಆಕಿ ಬೆಳಗಾವ್ಯಾಗ ಓದಿದಾಕಿ ಅವ್ವಾ!"

"ಉಚ್ಚಿ ಇಲ್ಲದ ನಿನಗ ಇಷ್ಟ ಇಸ್ತ್ರಿ ಮಾಡಿಸ್ಯಾಳ. ಉಚ್ಚಿ ಸಿಕ್ಕರ ನನ್ನ ಮಗ ನನಗ ಉಳಿತಾನ?"

ಅವನು ನಗುತ್ತ ಹೊರಗೆ ಹೋದ. ಗುರವ್ವ ನಗಲಿಲ್ಲ. ಮೊಣಕಾಲು ನೀವಿಕೊಂಡು, ಸೆರಗಿನ ಗಂಟಿನಿಂದ ನೋವಿನ ಗುಳಿಗೆ ತೆಗೆದು ನುಂಗಿದಳು. ಗಂಡನನ್ನು ಕಳೆದುಕೊಂಡ ಮೇಲೆ ಅವಳ ಪಾಲಿಗೆ ಉಳಿದಿದ್ದು ಈ ಒಬ್ಬನೇ.

* * *

ಬೆಳಗಾವಿಯ ಪ್ರಯೋಗಾಲಯದಲ್ಲಿ ಕುದಿಯುವ ನೀರಿನಿಂದ ಗಾಜಿನ ಕೊಳವೆಗಳು ಮೇಲೆ ಬಂದವು.

ಆರೋಗ್ಯವಂತರ ಸಾಲು ಒಗೆದು ಒಗೆದು ಬಣ್ಣ ಬಿಟ್ಟ ಗುಲಾಬಿ ಸೀರೆಯ ಹಾಗಿತ್ತು. ಒಂದು ಕೊಳವೆ ಬಿಟ್ಟು. ಆ ಒಂದು ಗಾಢವಾಗಿತ್ತು... ರೋಗಿಗಳ ಸಾಲಿನ ನಡುವೆ ಇಟ್ಟರೂ ಎದ್ದು ಕಾಣುವಷ್ಟು!

ಅನ್ನಪೂರ್ಣಾ ಕೊಳವೆಯ ಮೇಲಿನ ಚೀಟಿ ಓದಿದಳು. ಮತ್ತೊಮ್ಮೆ ಓದಿದಳು. ಅಂದಾನೆಪ್ಪನ ಹೆಸರೇ.

'ಇಲ್ಲ... ಎಲ್ಲೋ ತಪ್ಪಾಗಿದೆ. ನನ್ನದೇ ಕೈತಪ್ಪು.'

ಮತ್ತೆ ಮೊದಲಿನಿಂದ ಮಾಡಿದಳು. ಅದೇ ಬಣ್ಣ. ಇನ್ನೊಮ್ಮೆ ಮಾಡಿದಳು. ಅದೇ.

ಇನ್ನೇನೂ ನೋಡಲಾಗದೆ ಸ್ಟೂಲಿನ ಮೇಲೆ ಕುಳಿತಳು. ಅಪ್ಪನೂ ಹೀಗೇ ಇದ್ದ. ಗಟ್ಟಿ, ನಗುನಗುತ್ತ, ಜ್ವರವೇ ಕಾಣದವನು...

ಮಾರ್ಗದರ್ಶಕಿ ಮೇಡಂ ಶಾಂತವಾಗಿ ಹೇಳಿದರು: "ಅನ್ನಪೂರ್ಣಾ, ಒಂದೇ ಸೂಚಕ ನೋಡಿ ಯಾರನ್ನೂ ರೋಗಿ ಅನ್ನಬೇಡ. ನಿನ್ನ ಪರೀಕ್ಷೆಯೇ ಇನ್ನೂ ಪರೀಕ್ಷೆಯಲ್ಲಿದೆ. ರಕ್ತ ತೆಗೆಸು. ಅಲ್ಲಿವರೆಗೆ ಆ ಮನುಷ್ಯನನ್ನು ಹೆದರಿಸಬೇಡ."

"ಹೂಂ ಮೇಡಂ."

"ನೀನೂ ಹೆದರಬೇಡ. ಯಾರು ಅವರು?"

"ಬರ್ಫ ಕೊಡೋರು," ಅಂದಳು ಅನ್ನಪೂರ್ಣಾ. ಮೇಡಂ ಅವಳ ಮುಖ ನೋಡಿ ಮುಂದೆ ಕೇಳಲಿಲ್ಲ.

* * *

ಆ ಮಂಗಳವಾರ ಅಂದಾನೆಪ್ಪ ಬರ್ಫ ಇಳಿಸಿದವನು ಕೈ ಒರೆಸಿಕೊಂಡೇ ನಿಂತ. ಒರೆಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ.

"ನಿಮಗ ಕಾಲ ಬಾಯತಾವೇನ್ರಿ, ಊದತಾವೇನು?" ಎಂದು ಕೇಳಿದಳು ಅನ್ನಪೂರ್ಣಾ.

"ಇಲ್ರಿ."

"ಮೂತ್ರದಾಗ ಬುರುಗ ಬರತೈತೇನು?"

"ಬಾಯಾರ! ನಾ ಏನೋ ಒಂದ ಕೇಳಬೇಕಂತ ನಸುಕಿನಿಂದ ಮಾತ ಜೋಡಿಸಿಕೊಂಡ ಬಂದೇನಿ. ನೀವ ಬುರುಗ ಕೇಳಾಕತ್ತೀರಿ!"

"ಏನ ಕೇಳಬೇಕಿತ್ತು?"

ಅವನು ನೆಲ ನೋಡಿದ. ಬಾಗಿಲು ನೋಡಿದ. ಕೊನೆಗೆ ಅವಳನ್ನು ನೋಡಿದ.

"ನಮ್ಮವ್ವನ್ನ ಕಿತ್ತೂರಿಗೆ ಕಳಸಲೇನ್ರಿ? ನಿಮ್ಮವ್ವಾರ ಕೂಡ ಮಾತಾಡಾಕ..."

ಒಂದು ಕ್ಷಣ ಅನ್ನಪೂರ್ಣಾಳ ಮೈಯೆಲ್ಲ ಹಗುರಾಯಿತು. 'ಹೂಂ ಅನ್ನು... ಹೂಂ ಅನ್ನು!' ಎಂದಿತು ಮನಸ್ಸು. ಮರುಕ್ಷಣವೇ ಆ ಗಾಢ ಗುಲಾಬಿ ಕೊಳವೆ ಕಣ್ಣ ಮುಂದೆ ಬಂತು. ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಒರಗಿ ಕುಳಿತ ಅವ್ವನ ಮುಖವೂ ಬಂತು. ನಾನೂ ಅಲ್ಲೇ ಕೂರಬೇಕೇ? ಅದೇ ಗೋಡೆಗೆ?

ಅವಳ ಕಣ್ಣು ತುಂಬಿದವು.

"ಈಗ... ಈಗ ಏನೂ ಕೇಳಬ್ಯಾಡ್ರಿ. ಮೊದಲ ರಕ್ತಾ ಕೊಡ್ರಿ."

ಅಂದಾನೆಪ್ಪನಿಗೆ ಕೇಳಿಸಿದ್ದು ಬೇರೆ. ಮನೆತನ, ಓದು, ನೌಕರಿ ಸಾಲದೆಂದು ನೇರವಾಗಿ ಹೇಳಲಾಗದವರು ಬೇರೆ ಮಾತು ತೆಗೆಯುತ್ತಾರೆಂಬುದು ಅವನಿಗೆ ಗೊತ್ತಿತ್ತು.

"ಪಿಯುಸಿ ನಪಾಸಾದಾಂವ ಬ್ಯಾಡ ಅಂತ ನೆಟ್ಟಗ ಅನ್ರಲ್ಲ. ನನಗೇನ ಹೊಸಾದಲ್ಲ."

"ಹಂಗಲ್ರಿ..."

"ನಾ ನಿಮಗ ಒಂದ ಡಬ್ಬಿ ಅಷ್ಟ. ಮೂತ್ರಾ ಕೊಟ್ಟಾತು, ಇನ್ನ ರಕ್ತಾ ಕೊಟ್ರ ಮುಗೀತು. ಹೌದಲ್ರಿ?"

"ಅಂದಾನೆಪ್ಪನವರ, ಕೇಳ್ರಿ..!"

ಅವನು ಕೇಳಲಿಲ್ಲ. ಗೋಣಿಚೀಲವನ್ನು ಅಲ್ಲೇ ಬಿಟ್ಟು ಹೋದ. ಅವಳು ಆಚೆ ಓಡಲಿಲ್ಲ. ಓಡಿ ಏನು ಹೇಳುವುದು? ನಿನಗೆ ರೋಗವಿದೆ ಎಂದೇ? ಇದ್ದರೂ ಬೇಕು ಎಂದೇ? ಎರಡನೆಯದು ಅವಳಿಗೇ ಇನ್ನೂ ಗೊತ್ತಿರಲಿಲ್ಲ.

ಮುಂದಿನ ವಾರ ಬರ್ಫ ತಂದದ್ದು ಇಸ್ಮಾಯಿಲಸಾಬ.

"ಮಾಲಕರು ಬರಲಿಲ್ಲೇನ್ರಿ ಕಾಕಾ?"

"ಅವರಿಗಿ ಕೆಲಸ ಐತಿ ಯವ್ವಾ."

"ಏನ ಕೆಲಸ?"

"ಈ ಕಡೆ ಬರಬಾರದಂತ. ಮುಂಜಾನಿಯಿಂದ ಅದನ್ನ ಮಾಡಾಕತ್ತಾರ, ಪಾಪ. ಭಾಳ ದಗದ ಆಗೇತಿ ಅವರಿಗಿ."

* * *

ಆ ಸಂಜೆ ಅನ್ನಪೂರ್ಣಾ ಬೆಳಗಾವಿಯಿಂದ ಕಿತ್ತೂರಿಗೆ ಬಂದಾಗ ಅವಳ ತಾಯಿ ಸೋಮವ್ವ ಹಿತ್ತಲಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಮಗಳು ಪಕ್ಕದಲ್ಲಿ ಕುಳಿತು ಶೇಂಗಾ ಸಿಪ್ಪೆ ಊದಿದಳು. ಬಹಳ ಹೊತ್ತು ಊದಿದಳು.

"ಅವ್ವಾ... ಅಪ್ಪಗ ಹಿಂಗಾಗತೈತಿ ಅಂತ ಮೊದಲ ಗೊತ್ತಿದ್ರ ನೀ ಮದವಿ ಆಗತಿದ್ದೇನು?"

ಒನಕೆ ನಿಂತಿತು.

"ಆಗತಿದ್ನಿ. ಉಪ್ಪಿನಕಾಯಿ ಅಷ್ಟ ಹಾಕತಿದ್ದಿಲ್ಲ."

"ಚ್ಯಾಷ್ಟಿ ಮಾಡಬ್ಯಾಡ. ಎಷ್ಟ ವರ್ಷ ಆ ಬೆಳಗಾವಿ ಬಸ್ಸಿನ್ಯಾಗ..."

"ಬಸ್ಸಿನ್ಯಾಗ ನಿಮ್ಮಪ್ಪ ನನ್ನ ಭುಜದ ಮ್ಯಾಲ ತಲಿ ಇಟ್ಟ ಮಲಗತಿದ್ದ. ಅದಕ್ಕೂ ಮೊದಲ ಮಂದಿ ಮುಂದ ನನ್ನ ಬಾಜೂಕ ಕುಂತಾಂವಲ್ಲ ಅಂವ." ಸೋಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು, ಖಾರದ ಪುಡಿ ಹಾರಿತ್ತು ಎಂದು ಇಟ್ಟುಕೊಳ್ಳೋಣ. "ಹೋದದ್ದ ಹೋತು. ಅಷ್ಟಾದ್ರೂ ದಕ್ಕಿದ್ದು ನನಗ ಬೇಕಾಗಿತ್ತು."

"ಹೆದರಿಕಿ ಆಗತಿದ್ದಿಲ್ಲಾ?"

"ದಿನಾ ಆಗತಿತ್ತು." ಒನಕೆ ಮತ್ತೆ ಎದ್ದಿತು, ಮತ್ತೆ ನಿಂತಿತು. "ಯಾಂವ ಅಂವ?"

ಅನ್ನಪೂರ್ಣಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿದಳು. ಅತ್ತು ಮುಗಿದ ಮೇಲೆ ಅವಳಿಗೊಂದು ಸಂಗತಿ ಸ್ಪಷ್ಟವಾಯಿತು. ಅವಳು ಅಳುತ್ತಿದ್ದುದು ಅವನಿಗೆ ರೋಗವಿದೆ ಎಂದು. ಅವನನ್ನು ಬಿಡುವುದು ಹೇಗೆಂದು ಯೋಚಿಸುತ್ತಿರಲಿಲ್ಲ. ಆ ಯೋಚನೆ ಯಾವಾಗಲೋ ಬಿಟ್ಟುಹೋಗಿತ್ತು.

* * *

ಮರುದಿನ ಅವಳು ಬೈಲಹೊಂಗಲದ ಐಸ್ ಅಂಗಡಿಯ ಮುಂದೆ ನಿಂತಾಗ ರಸ್ತೆ ತಾನಾಗಿಯೇ ನಿಧಾನವಾಯಿತು. ಬುಧವಾರ! ಕೈಯಲ್ಲಿ ಪೆಟ್ಟಿಗೆಯಿಲ್ಲ!

"ಇವತ್ತ ಮಂಗಳವಾರ ಅಲ್ರಿ," ಅಂದ ಅಂದಾನೆಪ್ಪ, ತಲೆಯೆತ್ತದೆ.

"ಗೊತ್ತೈತಿ. ಬರ್ಫ ಬ್ಯಾಡ ನನಗ."

"ಮತ್ತ?"

"ನಿಮ್ಮವ್ವಾರನ್ನ ಕಿತ್ತೂರಿಗೆ ಕಳಸ್ರಿ."

ಅವನ ಕೈಯಲ್ಲಿದ್ದ ಕೊಡತಿ ನೆಲಕ್ಕೆ ಬಿತ್ತು. ಇಸ್ಮಾಯಿಲಸಾಬ ಟೆಂಪೋದ ಎಂಜಿನ್ ಆರಿಸಿದ, ಚೆನ್ನಾಗಿ ಕೇಳಲೆಂದು.

"ಆದ್ರ ಅದಕ್ಕ ಮೊದಲ ಒಂದ ಮಾತ ಕೇಳಬೇಕು ನೀವು. ಕೇಳಿದ ಮ್ಯಾಲ ಬ್ಯಾಡ ಅನ್ನೂದಾದ್ರ ನೀವ ಅನ್ರಿ. ನಾ ಅನ್ನಾಂಗಿಲ್ಲ." ಅವಳು ಹತ್ತಿರ ಬಂದಳು, ದನಿ ತಗ್ಗಿಸಿದಳು. "ಆವತ್ತ ನೀವು ಕೊಟ್ಟ ಡಬ್ಬಿ... ಅದರ ಬಣ್ಣ ಛಲೋ ಬಂದಿಲ್ಲ. ರೋಗಿಗೋಳ ಬಣ್ಣಕ್ಕಿಂತ ಗಾಢ ಬಂದೈತಿ. ಅದಕ್ಕ ರಕ್ತಾ ಕೇಳಿದ್ನಿ. ನಿಮ್ಮ ಓದು ಬರಹಾ ನನಗ ಏನ್ ಮಾಡೂದೈತಿ? ನಿಮ್ಮ ಕಿಡ್ನಿ..."

ಅಂದಾನೆಪ್ಪ ಹಾಗೇ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ನನಗ... ಕಿಡ್ನಿ..?"

"ಹೆದರಬ್ಯಾಡ್ರಿ. ನಾ ಇರತೇನಿ."

ಒಳಗೆ, ಗೋಣಿಯ ಪರದೆಯ ಹಿಂದೆ, ಕ್ಯಾಂಡಿ ಕಡ್ಡಿಗಳ ಬುಟ್ಟಿ ಉರುಳಿತು. ಪರದೆ ಸರಿಸಿಕೊಂಡು ಗುರವ್ವ ಹೊರಗೆ ಬಂದಳು.

"ಅದು ಅವಂದಲ್ಲ."

"ಅವ್ವಾ?"

"ಅವಂದಲ್ಲ ಅಂದ್ನಲ್ಲ! ನಂದು ಅದು." ಗುರವ್ವ ಮಗನ ಮುಖ ನೋಡಲಿಲ್ಲ. "ನೀ ಬಚ್ಚಲದಾಗ ಇಟ್ಟ ಕಾರ್ಖಾನಿಗೆ ಹೋದಿ. ನಾ ಅದನ್ನ ಚೆಲ್ಲಿದ್ನಿ. ಡಬ್ಬಿ ತೊಳದು ನಂದು ಹಾಕಿದ್ನಿ. ಮಾಟಾ ಮಾಡಿದ್ರ ಮುದುಕಿಗೆ ತಾಕಲಿ, ನನ್ನ ಮಗಗ ತಾಕಬಾರದಂತ..."

ರಸ್ತೆಯಲ್ಲಿ ಕ್ಯಾಂಡಿಗಳು ಕೈಯಲ್ಲೇ ಕರಗತೊಡಗಿದವು.

ಅನ್ನಪೂರ್ಣಾಳೊಳಗೆ ಒಂದು ದೊಡ್ಡ ಸಂತೋಷ ಎದ್ದು ನಿಂತಿತು. ಅವನಿಗೇನೂ ಆಗಿಲ್ಲ! ಅವನಿಗೇನೂ ಆಗಿಲ್ಲ! ಹಾಗೆ ನಿಂತ ಸಂತೋಷ ಅಷ್ಟೇ ಬೇಗ ನಾಚಿಕೊಂಡಿತು. ಅವಳ ಕಣ್ಣು ಗುರವ್ವನ ಪಾದಗಳ ಮೇಲೆ ಬಿದ್ದಿತ್ತು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು.

"ಇಲ್ಲೆ ಕುಂಡರ್ರಿ," ಅಂದಳು. ಸ್ಟೂಲು ಎಳೆದು ಕೂರಿಸಿ, ತಾನು ನೆಲದ ಮೇಲೆ, ಆ ಒದ್ದೆ ಗೋಣಿಯ ಮೇಲೇ ಕುಳಿತು, ಗುರವ್ವನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಗುಂಡಿ ಬಿತ್ತು. ಬಿದ್ದದ್ದು ತುಂಬಿಕೊಳ್ಳಲಿಲ್ಲ.

"ನಿಂತ ನಿಂತ ಬಾತಾವು," ಅಂದಳು ಗುರವ್ವ.

"ಊಟಾ ಸೇರತೈತೇನ್ರಿ?"

"ಬಾಯಿಗೆ ರುಚಿ ಇಲ್ಲ. ವಯಸ್ಸಾತಲ್ಲ."

"ಮೊಣಕಾಲ ನೋವಿಗೆ ಗುಳಿಗಿ ತಗೋತೀರೇನು?"

"ಮುಂಜಾನೆ, ಸಂಜಿಮುಂದ. ವರ್ಷಗಟ್ಲೆ ಆತು. ಅಂಗಡ್ಯಾಂವ ಛಲೋ ಗುಳಿಗಿ ಅಂತ ಕೊಡತಾನ." ಗುರವ್ವ ಅವಳ ಕೈಯನ್ನೇ ನೋಡುತ್ತಿದ್ದಳು. ಅವಳ ದನಿ ಸಣ್ಣದಾಯಿತು. "ಹಂಗಾರ... ಮಾಟಾ ನನಗ ತಾಕೇತಿ, ಹೌದಿಲ್ಲೋ ತಂಗಿ?"

"ಮಾಟಾ ಅಲ್ರಿ ಅತ್ತಿ. ಗುಳಿಗಿ. ಅದರ ಕೂಡ ಬಿ.ಪಿ.ನೂ ಇರಬೇಕು."

ಅತ್ತಿ! ಬಸ್‌ಸ್ಟ್ಯಾ‌ಂಡ್ ರಸ್ತೆಗೆ ಕಿಡ್ನಿ, ಗುಳಿಗೆ, ಬಿ.ಪಿ. ಯಾವುದೂ ಕೇಳಿಸಲಿಲ್ಲ.

"ಮಾಲಕರ," ಅಂದ ಇಸ್ಮಾಯಿಲಸಾಬ ಮೆಲ್ಲಗೆ, "ಅತ್ತಿ ಅಂದಾತು. ಇನ್ನ ಕಿತ್ತೂರಿಗೆ ಬರೇ ಚಾ ಕುಡ್ಯಾಕ ಹೋಗೂದು."

ಅಂದಾನೆಪ್ಪ ನಗಲಿಲ್ಲ. ಅವನು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಊದಿದ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ದಿನಾ ನಿನ್ನ ಕೈಲೆ ಉಂಡ ಏಳತೇನಿ. ನಾ ಒಂದ ದಿನಾನೂ ನಿನ್ನ ಕಾಲ ನೋಡಲಿಲ್ಲಲ್ಲ ಅವ್ವಾ..."

"ನಿನಗ ತೋರಸಾಕ ಇಟ್ಟಿದ್ನೇನು ಅವನ್ನ? ಏಳು. ಮಂದಿ ನೋಡತಾರ."

ಆದರೆ ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

* * *

ಬೆಳಗಾವಿಯಲ್ಲಿ ರಕ್ತ ಪರೀಕ್ಷೆಯೂ ಕೊಳವೆ ಹೇಳಿದ್ದನ್ನೇ ಹೇಳಿತು. ಗುರವ್ವನ ಕಿಡ್ನಿಗಳ ಅರ್ಧಕ್ಕಿಂತ ಹೆಚ್ಚು ಕೆಲಸ ನಿಂತಿತ್ತು.

"ಇನ್ನೂ ತಡವಾಗಿದ್ದರೆ ನಾನು ಬೇರೆ ಮಾತು ಹೇಳಬೇಕಾಗುತ್ತಿತ್ತು," ಅಂದರು ಡಾಕ್ಟರು. "ನೋವಿನ ಗುಳಿಗೆ ಇಂದಿನಿಂದಲೇ ಬಂದ್. ಉಪ್ಪು ಕಡಿಮೆ. ಬಿ.ಪಿ. ಔಷಧಿ ತಪ್ಪಬಾರದು. ಉಳಿದಿರುವುದನ್ನು ಉಳಿಸಿಕೊಳ್ಳೋಣ."

ಗುರವ್ವ ಎಲ್ಲಕ್ಕೂ ತಲೆಯಾಡಿಸಿದಳು. ಉಪ್ಪಿನ ಮಾತು ಬಂದಾಗ ಮಾತ್ರ ಅನ್ನಪೂರ್ಣಾಳನ್ನು ನೋಡಿದಳು. "ಅಡಗಿ ಯಾರ ಮಾಡತಾರೋ ಅವರಿಗೆ ಹೇಳ್ರಿ," ಅಂದಳು ಡಾಕ್ಟರಿಗೆ. ಒಪ್ಪಿಗೆಯನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳುವುದು ಅವಳಿಗೆ ಗೊತ್ತಿರಲಿಲ್ಲ.

ಆರೋಗ್ಯವಂತರ ಗುಂಪಿನಲ್ಲಿ ಈಗ ಒಂದು ಜಾಗ ಖಾಲಿಯಾಗಿತ್ತು. ಅಂದಾನೆಪ್ಪ ಹೊಸ ಡಬ್ಬಿ ತುಂಬಿ ಕೊಟ್ಟ. ಬಣ್ಣ ತಿಳಿಯಾಗಿ ಬಂತು. ಆಮೇಲೆ ಅಂಗಿಯ ತೋಳು ಮಡಚಿ, ಕಣ್ಣು ಬಿಗಿಯಾಗಿ ಮುಚ್ಚಿ, ರಕ್ತ ಕೊಡಲು ಬೆಂಚಿನ ಮೇಲೆ ಕುಳಿತ. ಅನ್ನಪೂರ್ಣಾ ಅವನ ಇನ್ನೊಂದು ಕೈ ಹಿಡಿದುಕೊಂಡಳು.

"ಬಾಯಾರ, ಒಂದ ಕೇಳಲೇನ್ರಿ?"

"ಕೇಳ್ರಿ."

"ನನಗ ರೋಗಾ ಐತಿ ಅಂತ ತಿಳಕೊಂಡೂ ಬಂದ್ರಲ್ಲ... ಯಾಕ?"

ಸೂಜಿ ಒಳಗೆ ಹೋಯಿತು. ಅವನ ಬೆರಳುಗಳು ಅವಳ ಬೆರಳುಗಳನ್ನು ಹಿಂಡಿದವು.

"ಹೆದರಿಕಿ ಇತ್ರಿ. ಇಲ್ಲ ಅಂದ್ರ ಸುಳ್ಳ ಹೇಳಿದಂಗ. ಆದ್ರ ನಿಮ್ಮನ್ನ ಬಿಟ್ಟ ಇದ್ರೂ ಹೆದರಿಕಿ ಹೋಗತಿದ್ದಿಲ್ಲ. ಕಿತ್ತೂರಾಗ ಕುಂತು, ಇವತ್ತ ಹೆಂಗದಾರೋ, ನಾಳಿಗೆ ಹೆಂಗೋ ಅಂತ ಅಳೂದು... ಅದಕ್ಕಿಂತ ಬಾಜೂಕ ಇದ್ದ ಹೆದರೂದ ಛಲೋ ಅನಿಸ್ತು."

ಅವನು ಕಣ್ಣು ತೆರೆದ. ಕಣ್ಣಲ್ಲಿ ನೀರಿತ್ತು. ಸೂಜಿಯದೆಂದು ನರ್ಸ್ ತಿಳಿದುಕೊಂಡಳು.

"ನಾ ನಿಮ್ಮನ್ನ ತಪ್ಪ ತಿಳಕೊಂಡ್ನಿ. ಡಬ್ಬಿ ಅಂದ್ನಿ..."

"ಅಂದ್ರಿ. ಅದನ್ನ ಮರಿಯೂದಿಲ್ಲ ನಾ. ಮದವಿ ಆದಮ್ಯಾಲೂ ಆಡಿ ತೋರಸ್ತೇನಿ."

"ತೋರಸ್ರಿ. ದಿನಾ ತೋರಸ್ರಿ."

ನರ್ಸ್ ಹತ್ತಿ ಒತ್ತಿ, ಕೊಳವೆ ಎತ್ತಿಕೊಂಡು ಹೊರಟಳು.

"ಮುಗೀತ್ರಿ," ಅಂದಳು ಅನ್ನಪೂರ್ಣಾ. "ಸೂಜಿ ತಗದು ಎಷ್ಟೊತ್ತಾತು. ಕೈ ಬಿಡ್ರಿ ಇನ್ನ."

"ಗೊತ್ತೈತಿ."

"ಮತ್ತ?"

"ನೀವೂ ಬಿಡಬ್ಯಾಡ್ರಿ."

"ಇಲ್ಲ," ಅಂದಳು ಅವಳು. "ಬಿಡೂದಿಲ್ಲ."

ಮದುವೆ ಡಿಸೆಂಬರಿನಲ್ಲಿ ಆಯಿತು. ಗುರವ್ವನಿಗೆ ಡಯಾಲಿಸಿಸ್ ಬೇಕಾಗಲಿಲ್ಲ.